ಕಾರಿಗೆ ಬಿಟ್ಟ ಜಾಗ

ಹತ್ತಡಿ ಅಗಲ, ಹದಿನೆಂಟಡಿ ಉದ್ದ.
ಗುತ್ತಲಿನ ಈ ಮನೆ ಕಟ್ಟುವಾಗ
ಮೇಸ್ತ್ರಿ ಕೈಲಿ ಸುಣ್ಣದ ಗೆರೆ ಎಳೆಸಿ
'ಇದು ಕಾರಿಗೆ' ಅಂದಿದ್ದರು ನಮ್ಮವರು.
ಇನ್ನೊಬ್ಬರ ಕಾರು ಓಡಿಸುವ ಮನುಷ್ಯ.
ಒಂಬತ್ತು ವರ್ಷ ಆ ಜಾಗದಲ್ಲಿ
ಇಲ್ಲದ ಕಾರು ನಿಂತೇ ಇತ್ತು.
ಹಪ್ಪಳ ಒಣಹಾಕಲು ಹೋದರೂ
ಅದನ್ನು ಬಳಸಿಕೊಂಡೇ ನಡೆಯುತ್ತಿದ್ದೆವು.

ಹತ್ತನೆಯ ವರ್ಷ, ಯುಗಾದಿ ಕಳೆದ ಮೇಲೆ,
ಕುತ್ತಿಗೆಯ ಟೇಪು ತೆಗೆದು
ಅದರ ಎದೆ, ಸೊಂಟ, ತೋಳು ಅಳೆದೆ.
ಕುಪ್ಪಸ ಹೊಲಿಯುವವಳಿಗೆ ಗೊತ್ತು:
ಮುಕ್ಕಾಲು ಮೀಟರಿನಲ್ಲೂ ಎಲ್ಲ ಬರುತ್ತೆ,
ಕೂರಿಸಲು ಬರಬೇಕು ಅಷ್ಟೆ.

ಗುದ್ದಲಿ ಹಾಕಿದರೆ ಮಣ್ಣೆಲ್ಲಿ?
ಜಲ್ಲಿ, ಟೈಲ್ಸ್ ಚೂರು,
ಎಂದೋ ಮಳೆಗೆ ಸಿಕ್ಕಿ
ಮೂಟೆಯ ಆಕಾರದಲ್ಲೇ ಕಲ್ಲಾದ ಸಿಮೆಂಟು,
ಮೈಮೇಲೆ ಚೀಲದ ಹೆಣಿಗೆ ಹಾಗ್ಹಾಗೇ.
ಎತ್ತಲಾಗದೆ ಅದನ್ನೇ ಮೆಟ್ಟಿಲು ಮಾಡಿಕೊಂಡೆ.
ಸಕ್ಕರೆ ಫ್ಯಾಕ್ಟರಿ ಮಡ್ಡಿ ಎರಡು ಆಟೋ ಬಂತು.
ಸರ್ಕಲ್ಲಿನಲ್ಲಿ ಕಬ್ಬಿನ ಹಾಲು ಮಾರುವ ತಾಹೇರಾ
ಸಂಜೆಗೊಂದು ಚೀಲ ಸಿಪ್ಪೆ ಕಳಿಸಿದಳು;
ಅವಳ ಮಗಳ ಚೂಡಿದಾರ
ವರ್ಷವಿಡೀ ಪುಕ್ಕಟೆ ಸಡಿಲ ಬಿಟ್ಟೆ ನಾನು.
ಮೂರು ತಿಂಗಳು ಇರುವೆಗಳ ದರ್ಬಾರು.
ನಾಲ್ಕನೆಯ ತಿಂಗಳು, ಎರೆಹುಳು.

ಒಂದೇ ಗುಂಡಿಗೆ ಮೂರು ಗಿಡ,
ಸೀಬೆ, ದಾಳಿಂಬೆ, ಸೀತಾಫಲ,
ಮೊಳದಂತರದಲ್ಲಿ ಬೆನ್ನಿಗೆ ಬೆನ್ನು.
ಗೋಡೆಗೊರಗಿ ಮಲ್ಲಿಕಾ ಮಾವು.
ಬಚ್ಚಲ ನೀರು ಹರಿವ ಮೂಲೆಗೆ ಪರಂಗಿ.
ಗೇಟಿನ ಬಲಕ್ಕೆ, ಸ್ಟೀರಿಂಗು ಬರಬೇಕಿದ್ದಲ್ಲಿ, ನಿಂಬೆ.

ನಮ್ಮವರು ಎರಡು ದಿನ ಮಾತಾಡಲಿಲ್ಲ.

ಮೊದಲ ಹೂ ಚಿವುಟಿಬಿಡಿ, ಬೇರಿಗೆ ಬಲ ಬರಲಿ
ಅಂದಿದ್ದ ನರ್ಸರಿ ಹುಡುಗ.
ಚಿವುಟಿದೆ. ಮಾವಿನ ಒಂದೇ ಗೊಂಚಲು
ಎಲೆ ಮರೆಯಲ್ಲಿ ಕಾಣದವಳಂತೆ ಬಿಟ್ಟೆ.
ಅದೂ ಉದುರಿತು.
ಪರಂಗಿ ಗಂಡಾಗಿತ್ತು: ಜಡೆ ಜಡೆಯಾಗಿ ಹೂ,
ಕಾಯಿ ಒಂದಿಲ್ಲ.
ಅದನ್ನು ಕಡಿದ ರಾತ್ರಿ
ನಮ್ಮವರು ಯಾಕೋ ಸರಿಯಾಗಿ ಉಣ್ಣಲಿಲ್ಲ.
ನಾನೂ ಕೇಳಲಿಲ್ಲ.

ಮರ ಎಷ್ಟೆತ್ತರ ಬೇಕು?
ನಾನು ಕೈ ಎತ್ತಿದಷ್ಟು.
ನಾನೋ ನಾಲ್ಕಡಿ ಹತ್ತು ಇಂಚು.
ಅದರ ಮೇಲೆ ಹೋದದ್ದು ಬಾವಲಿಯ ಬಾಬ್ತು.
ಮದುವೆ ಬಟ್ಟೆ ಬಾರದ ಆಷಾಢದಲ್ಲಿ
ಬಿಡುವಾದ ಕೈಗೆ ಇನ್ನೊಂದು ಕತ್ತರಿ.
ಮೊದಲ ಸಲ ದಾಳಿಂಬೆಯನ್ನು ಕೆಡಿಸಿದೆ.
ಹೊಲಿಗೆ ತಪ್ಪಿದರೆ ಬಿಚ್ಚಬಹುದು,
ಕತ್ತರಿ ತಪ್ಪಿದರೆ ಬಿಚ್ಚೋದೇನು?
ಒಂದು ವರ್ಷ ಅದು ನನ್ನ ಮೇಲೆ ಮುನಿದು
ಬರೀ ಮುಳ್ಳು ಬಿಟ್ಟುಕೊಂಡು ಕೂತಿತ್ತು.
ಸೀಬೆ ಹಾಗಲ್ಲ, ಉದಾರಿ;
ಒಂದು ಕಡಿದರೆ ಎರಡು ಚಿಗುರು,
ಚಿಗುರಿನ ಕಂಕುಳಲ್ಲಿ ಹೂವು.
ಈ ಸಲ ಎಣಿಸಿದ್ದು ನೂರಾ ಎಪ್ಪತ್ತು,
ಅಳಿಲು ಕಚ್ಚಿದ್ದು ಬಿಟ್ಟು.

ಒಂದಿನ ಶ್ರೀರಂಗಪಟ್ಟಣದ ಬಾಡಿಗೆ ಮುಗಿಸಿ
ಒದ್ದೆ ಪೇಪರಿನಲ್ಲಿ ಏನೋ ಸುತ್ತಿ ತಂದರು ನಮ್ಮವರು.
'ಗಂಜಾಂ ಅಂಜೂರ. ಕಡ್ಡಿ ನೆಟ್ಟರೆ ಸಾಕಂತೆ.'
'ಎಲ್ಲಿ ನೆಡೋದು? ಗೇಣು ಜಾಗ ಇಲ್ಲ.'
ಬಾಗಿಲಲ್ಲಿ ನಿಂತು ಕಣ್ಣಳತೆ ಹಾಕಿ
'ಇದೆಯಲ್ಲೇ, ಡಿಕ್ಕಿ ಕಡೆ' ಅಂದರು.

ನನಗೆ ನಗು ಬಂತು, ಆಮೇಲೆ ಬರಲಿಲ್ಲ.
ಅಲ್ಲೇ ನೆಟ್ಟೆ.

ನಿನ್ನೆ ಆಯುಧಪೂಜೆ.
ಬೆಳಗ್ಗೆ ಎದ್ದು ನಿಂಬೆ ಮರದಲ್ಲಿ
ಒಂದಳತೆಯ ನಾಲ್ಕು ಕಾಯಿ ಹುಡುಕಿ ಹುಡುಕಿ ಕಿತ್ತು
ಯಜಮಾನರ ಕಾರಿನ ನಾಲ್ಕು ಚಕ್ರಕ್ಕೆ
ಜೇಬಿಗಿಟ್ಟುಕೊಂಡು ಹೋದರು.
ಐದನೆಯದನ್ನು ನಾನು ಕಿತ್ತೆ,
ಕುಂಕುಮ ಹಚ್ಚಿ ಮಷಿನ್ನಿನ ಚಕ್ರದ ಕೆಳಗಿಟ್ಟೆ.
ಎಲ್ಲಿಗೂ ಹೋಗದ ಚಕ್ರ;
ಕಾಯಿ ಒಡೆಯಲಿಲ್ಲ.

ಸಂಜೆ ಅದನ್ನೇ ಹಿಂಡಿ ಪಾನಕ ಮಾಡಿದೆ.
ಮಂಡ್ಯದಲ್ಲಿದ್ದೂ ಬೆಲ್ಲ ಸಾಲದೆ
ಸ್ವಲ್ಪ ಹುಳಿಯೇ ಆಯಿತು.
ಎರಡು ಲೋಟ ಕುಡಿದರು.