ಮೋಡಕ್ಕೊಂದು ಮೀಟರು

ನಮ್ಮ ನೀರಿನ ಸಹಕಾರ ಸಂಘವೂ
ಇನ್ನು ಮೋಡಕ್ಕೆ ಹೋಗಬೇಕೆಂದು
ಸಾಂತಿಯಾಗೊದಿಂದ ಬಂದ ಹುಡುಗ ಹೇಳಿದಾಗ
ಮೊದಲು ನಕ್ಕವನು ಟ್ಯಾಂಕರಿನ ನಿಕನೋರ್.
ಇದು ಅಟಕಾಮಾದ ಅಂಚು, ಮಾರಾಯ.
ಕೊನೆಯ ಮಳೆ ಬಿದ್ದದ್ದು ನನ್ನ ಮದುವೆಯ ವರ್ಷ;
ಹನ್ನೊಂದು ಹನಿ. ಎಣಿಸಿದ್ದೇವೆ.

ಹುಡುಗ, ಹೆಸರು ಬಾಲ್ತಸಾರ್ ಓಯಾರ್ಸೂನ್,
ಬೂಟಿಗಿನ್ನೂ ಧೂಳು ಹತ್ತಿರಲಿಲ್ಲ,
ಗೋಡೆಗೆ ಬೆಳಕು ಬಿಟ್ಟು ತೋರಿಸಿದ:
ಇದು ಮೋಡ, ಇವು ಬಾಣ,
ಬಾಣದ ತುದಿಗೆ ನೀವು.
ಯಂತ್ರ ಕೊಳ್ಳುವ ಗೋಜಿಲ್ಲ,
ಬಳಸಿದಷ್ಟಕ್ಕೇ ಕಾಸು.

ಬಳಸಿದಷ್ಟಕ್ಕೇ ಕಾಸು!
ಮೂವತ್ತು ವರ್ಷದಿಂದ ಮನೆಮನೆಯ ಬಾಗಿಲಲ್ಲಿ
ನಾವು ಹೇಳಿಕೊಂಡು ಬಂದ ಮಾತು.
ನಮಗೇ ಯಾರೋ ತಿರುಗಿ ಹೇಳಿದಾಗ
ಗಂಟಲು ಕೊಂಚ ಒಣಗಿತು.

ಹಿಂದಿನ ಕೋಣೆಯಲ್ಲಿತ್ತು ಸರ್ವರು.
ಅದಕ್ಕೆ ಡೋನ್ಯಾ ಎರ್ಮೀನಿಯಾ ಎಂದೇ ಹೆಸರು,
ಮೊದಲು ಲೆಕ್ಕ ಬರೆದಾಕೆಯದು.
ಅವಳ ಹಾಗೆಯೇ ಉಬ್ಬಸ, ಮಧ್ಯಾಹ್ನದ ಮೇಲೆ ಸಿಡುಕು.
ಪ್ರತಿ ಸೋಮವಾರ ಎಲ್ಸೀರಾ
ಅಲ್ಪಾಕಾ ಕೂದಲ ಕುಂಚದಿಂದ
ಅದರ ಕಿವಿಯೊಳಗಿನ ಮರುಭೂಮಿ ತೆಗೆಯುವಳು,
ಮೀಯಲೊಲ್ಲದ ಮಗುವಿಗೆ ಬೈದ ಹಾಗೆ ಬೈಯುತ್ತ.

ಕಡಲು ಎದ್ದೀತೆಂದು ಸೈರನ್ ಕೂಗಿದ ರಾತ್ರಿಗಳಲ್ಲಿ
ಊರು ತನ್ನತನ್ನದನ್ನು ಎತ್ತಿಕೊಂಡು ಗುಡ್ಡ ಹತ್ತುತ್ತಿತ್ತು:
ಕೂಸು, ಕೋಳಿ, ಹೊಲಿಗೆ ಯಂತ್ರ, ಗಂಡನ ಫೋಟೊ.
ಎಲ್ಸೀರಾ ಬೆನ್ನಿಗೆ ಬಣ್ಣದ ಜೋಳಿಗೆ ಬಿಗಿದು
ಒಳಗೆ ಬ್ಯಾಕಪ್ಪಿನ ಡಿಸ್ಕು.
ಸಾವಿರದ ನಾನೂರು ಮನೆಗಳ ಬಾಯಾರಿಕೆ
ಅವಳ ಬೆನ್ನ ಬಿಸಿಗೆ ಬೆಚ್ಚಗಿರುತ್ತಿತ್ತು.

ವಲಸೆಗೆ ಒಂಬತ್ತು ವಾರ.
ಹುಡುಗ ಅದನ್ನು ವಲಸೆ ಎಂದೇ ಕರೆದ.
ಅಜ್ಜ ಅಜ್ಜಿ ಗಡಿ ದಾಟಿ ಬಂದ ಮನೆಗಳು ನಮ್ಮವು,
ಅಷ್ಟು ಸಲೀಸಾಗಿ ಆ ಪದ ನಮ್ಮ ಬಾಯಿಗೆ ಬರದು.
ಪಟ್ಟಿ ಜಾಲಾಡಿದಾಗ ಒಬ್ಬ ಮುದುಕ ಸಿಕ್ಕ,
ಸತ್ತು ಹನ್ನೆರಡು ವರ್ಷವಾದರೂ ಬಿಲ್ಲು ತಪ್ಪಿಸಿರಲಿಲ್ಲ.
ಕಟ್ಟುತ್ತಿದ್ದವಳು ಪಕ್ಕದ ಮನೆಯ ಹೆಂಗಸು.
ಯಾಕೆಂದು ನಾವೂ ಕೇಳಿರಲಿಲ್ಲ.
ಹೊಸ ಪಟ್ಟಿಯಲ್ಲಿ ಅಂಥವರಿಗೆ ಕಾಲಮ್ಮಿಲ್ಲ.
ಹುಡುಗನ ಕಣ್ಣು ತಪ್ಪಿಸಿ ಎಲ್ಸೀರಾ
ಅವನನ್ನೂ ಮೋಡ ಹತ್ತಿಸಿದಳು.

ಎರ್ಮೀನಿಯಾಳನ್ನು ಆರಿಸಿದ ಸಂಜೆ
ಕಚೇರಿಯೊಳಗೆ ಕಡಲು ಕೇಳಿಸಿತು.
ಇಷ್ಟು ಹತ್ತಿರವಿತ್ತೇ, ಎಂದ ನಿಕನೋರ್.

ಸುಳ್ಳೇಕೆ, ಈಗ ಬಿಲ್ಲು ಹೊತ್ತಿಗೆ ಸರಿಯಾಗಿ ಹೋಗುತ್ತದೆ.
ಎಲ್ಲಿ ಕೊಳವೆ ಸೋರಿದರೂ ಬೆಳಗಾಗುವುದರೊಳಗೆ ಗೊತ್ತು.
ಆದರೆ ಜೂನಿನಲ್ಲಿ ಮತ್ತೆ ಸೈರನ್ ಕೂಗಿತು,
ಎಲ್ಸೀರಾ ಬಾಗಿಲಲ್ಲಿ ನಿಂತು ಕೈ ನೋಡಿಕೊಂಡಳು.
ಬರಿಗೈಯಲ್ಲಿ ಗುಡ್ಡ ಹತ್ತಿ ಅಭ್ಯಾಸವಿಲ್ಲ.
ದಾರಿಯಲ್ಲಿ ಯಾರದೋ ಕೋಳಿ ಇಸಿದುಕೊಂಡಳು.

ಮೇಲೆ ಮಂಜಿನ ಬಲೆಗಳು.
ಕಡಲಿಂದ ತೆವಳಿ ಬಂದ ಮುಗಿಲು
ಎಳೆಎಳೆಗೆ ಸಿಕ್ಕಿ, ಹನಿದು, ಪೀಪಾಯಿಗಿಳಿದು
ಮೀಟರಿನ ಮುಳ್ಳು ಕೂದಲೆಳೆಯಷ್ಟು ಸರಿಸುವುದು.
ಅದನ್ನೇ ನೋಡುತ್ತ ಹುಡುಗನಿಗೆ ಫೋನು ಹಚ್ಚಿದಳು.
ನಿನ್ನ ಮೋಡ ನೆಲದ ಮೇಲೆ ಎಲ್ಲಿದೆ?
ದೊಡ್ಡ ಶೆಡ್ಡುಗಳಲ್ಲಿ, ಅಮ್ಮ, ಊರಾಚೆ.
ಬಿಸಿಯಾಗದೇ?
ಆಗುತ್ತದೆ. ನೀರು ಹಾಯಿಸುತ್ತಾರೆ.
ಎಷ್ಟು ಲೀಟರು?
ಕೇಳಿ ಹೇಳುತ್ತೇನೆ ಎಂದ.

ಮುಗಿಲು ನಂಬಿ ಮಡಕೆಯ ನೀರು ಚೆಲ್ಲಿದೆವಲ್ಲ
ಎಂದೇನೂ ಅವಳು ಹಲುಬಲಿಲ್ಲ.
ಹಳೆಯ ಕಾಗದದ ಲೆಡ್ಜರು ಹುಡುಕಿ
ಕೊನೆಯ ಖಾಲಿ ಪುಟದಲ್ಲಿ ಹೊಸ ಗಿರಾಕಿಯ ಖಾತೆ ತೆರೆದಳು.
ಹೆಸರು: ಮೋಡ. ವಿಳಾಸ: ಊರಾಚೆ.
ರೀಡಿಂಗು: ಬರಬೇಕು.
ಈಗಲೂ ಸೋಮವಾರ ಅದನ್ನು ಬಿಡಿಸಿ
ಅದೇ ಕುಂಚದಿಂದ ಒಮ್ಮೆ ಧೂಳು ಝಾಡಿಸುತ್ತಾಳೆ.