ರಟ್ಟಿನ ವೇಳಾಪಟ್ಟಿ

ಗುಳೇದಗುಡ್ಡದಾಗ ನಮ್ಮನಿ ಶಾಲಿಗೆ ಗಂಟಿ ಇಲ್ಲ.
ಹೊಳೆಬಸಪ್ಪ ಕಾಕಾನ ಮಗ್ಗ ನಿಂತ್ರ ಬಿಡುವು,
ನಾಕು ದಿನಕ್ಕೊಮ್ಮೆ ನಳಾ ಬಂದ್ರ ಸೂಟಿ.
ಹದಿನೇಳು ಮಂದಿ, ಎರಡು ಒಲಿ, ಮೂರು ಕುಣಿಮಗ್ಗ,
ಒಂದು ಕರಿಹಲಗಿ. ಅದೂ ಹಳೇ ಬಾಗಿಲದ ಬೆನ್ನಿಗೆ
ಮಸಿ ಬಳದು ನಾನೇ ಮಾಡಿದ್ದು.

ಚನಬಸೂಗ ಹನ್ನೆರಡು, ಬನಶ್ರೀಗೆ ಹನ್ನೊಂದು,
ನೆಗೆಣ್ಣಿ ಮಗಳು ಸಾವಕ್ಕಗ ಹತ್ತು ತುಂಬಿ ಮ್ಯಾಲೊಂದು ಉಗಾದಿ.
ದಾನೇಶಗ ಹದಿಮೂರು. ಇಂವ ನನ್ನಾಂವ.
ಇವಗ ಅಕ್ಷರ ಒಂದ ಕಡೆ ನಿಂದರೂದಿಲ್ಲ.
‘ವ’ ಹೋಗಿ ‘ಪ’ ಆಕ್ಕೈತಿ,
‘ಪ’ ಹೊಟ್ಟಿ ಸೀಳಿಕೊಂಡು ‘ಷ’.
ಎಲ್ಲರ ಮುಂದ ಎದ್ದು ನಿಲ್ಲಿಸಿ ಓದಸಿದ ದಿನ
ಪಾಟೀಚೀಲ ಅಲ್ಲೇ ಬಿಟ್ಟು ಬಂದಾಂವ
ತಿರುಗಿ ಹೋಗಲಿಲ್ಲ.
‘ಅವಗೊಂದು ನ್ಯಾಯ, ನಮಗೊಂದಾ?’
ಉಳದ ಮೂರೂ ಕಟ್ಟಿ ಮ್ಯಾಲ ಕುಂತುಬಿಟ್ಟವು.

‘ಡಿ.ಎಡ್ ಕಲ್ತೀಯಲ್ಲವಾ, ಕಲಸು ಮನ್ಯಾಗ’ ಅಂದ್ರು ಮಾವ,
ಸಾರಿಗೆ ಹುಳಿ ಹೆಚ್ಚಾಗೇತಿ ಅನ್ನೂ ದನಿಯೊಳಗ.

ಮೊದಲ ವಾರ ನಾ ಬರದ ವೇಳಾಪಟ್ಟಿ
ಮಾಡದ ಬಾಜೂಕ ಅಂಟಿಸಿದ್ದೆ, ಕೆಂಪು ಗೆರಿ ಹೊಡದು.
ಎಂಟಕ್ಕ ಗಣಿತ.
ಎಂಟಕ್ಕ ಕಾಕಾಗ ಕಂಡಕಿ ಸುತ್ತವರು ಬೇಕು.
ಒಂಬತ್ತಕ್ಕ ವಿಜ್ಞಾನ, ಕೂಸಿಗೆ ಎರಿಯೂದೂ ಒಂಬತ್ತಕ್ಕ.
ಚಾಲುಕ್ಯರು ಬಾದಾಮಿ ಬಿಟ್ಟು ಹೊಂಡೂದ್ರಾಗ
ಆಯಿ ಒದರಿದಳು, ನನ್ನ ಗುಳಿಗಿ ಎಲ್ಲೈತಿ?
ಬನಶ್ರೀ ಹಾಜರಿ ಕರಿಯಾಕಿ, ಆಡಿಗೂ ಒಂದು ನಂಬರ್ ಕೊಟ್ಟಾಳ,
ದಿನಾ ಬರೂದು ಅದೊಂದ.
ಹದಿನೈದು ದಿನದಾಗ ನನ್ನ ಪಟ್ಟಿ ಮ್ಯಾಲ
ಯಾರೋ ಹಾಲಿನ ಲೆಕ್ಕ ಬರದಿದ್ರು.

ಮಗ್ಗಿ ಮಾತ್ರ ಚೊಲೋ ಬಂತು.
ಮಗ್ಗದ ಬಡಿತಕ್ಕ ಕೂಡಿಸಿ ಹೇಳತಿದ್ವು.
ಹದಿಮೂರ್ ಆರ್ಲೆ ಎಪ್ಪತ್ತೆಂಟು,
ಹದಿಮೂರ್ ಏಳ್ಲೆ
ಎಳಿ ಹರೀತು. ಎಲ್ಲರೂ ನಿಂತರು.

ದಾನೇಶ ಹಲಗಿ ಕಡೆ ನೋಡೂದಿಲ್ಲ.
ಜಕಾರ್ಡಿನ ಹಳೇ ರಟ್ಟು ತೊಡಿ ಮ್ಯಾಲ ಹರವಿ
ತೂತಿನ ಸಾಲಿನ ಮ್ಯಾಲ ಬಟ್ಟು ಆಡಸತಾನ.
‘ಇದು ತೆನಿ. ಇದು ತುಳಸಿ ಎಲಿ.
ಇಲ್ಲಿ ನೋಡ ಕಾಕಾ, ಮೂರನೇ ತೂತು ಬಿಟ್ಟಾರ.’
ಕಾಕಾ ಖಣ ಬಿಚ್ಚಿ ಬಿಸಲಿಗೆ ಹಿಡದ.
ಖರೇನ. ಎಲಿ ಒಂದು ಬದಿ ಹರಕು.
ಇಪ್ಪತ್ತು ವರ್ಷ ಹರಕ ಎಲಿ ಮಾರೇವಿ,
ಉಟ್ಟಾಕೀನೂ ಕೇಳಿಲ್ಲ, ತೊಟ್ಟಾಕೀನೂ ಕೇಳಿಲ್ಲ.

ಶ್ರಾವಣದಾಗ ಒಂದು ಮುಂಜಾನಿ
ಹಾಲಿನ ಲೆಕ್ಕದ ಮಗ್ಗಲಾಗ ಹೊಸಾ ರಟ್ಟು ಬಿಗದಿತ್ತು.
ಹದಿನೇಳು ಸಾಲು. ಒಂದಕ್ಷರ ಇಲ್ಲ.
ಸಾಲಿಗೊಬ್ಬರು, ತೂತಿಗೊಂದು ಬಿಡುವು.
ಬಟ್ಟು ಇಟ್ಟು ಓದಿ ತೋರಿಸಿದ, ತಡವರಿಸದ:
‘ಇದು ಆಯಿ. ಉಂಡ ಮ್ಯಾಲ ನಿದ್ದಿ ಬರೂಮಟ ಖಾಲಿ,
ಎಳಿ ಎಣಿಸೂದು ಆಗ ಕೇಳಬೇಕು.
ಇದು ಅಪ್ಪ. ಹೊಸಾ ಕಂಡಕಿ ಹಾಕೂ ಮುಂದ
ಸಿಟ್ಟು ಇರೂದಿಲ್ಲ. ಗಣಿತ ಆಗ.’
ಮೈದುನನ ಸಾಲು ಬರೇ ತೂತು.
ಮಾವ ನಕ್ಕರು, ಮೈದುನ ನಗಲಿಲ್ಲ.

ಕಡೀ ಸಾಲು ನನ್ನದು. ಒಂದ ತೂತು.
‘ಮೂರೂವರಿ. ಆಗ ನೀ ಬಾಗಲದ ಹಂತ್ಯಾಕ
ನಿಂತು ಚಾ ಕುಡೀತಿ ಯವ್ವಾ.’
ಯಾರೂ ನೋಡಿಲ್ಲಂತ ತಿಳದಿದ್ದೆ.

ಮರುದಿನ ಮೂರೂವರಿಗೆ ಹೊಸ್ತಿಲ ದಾಟಿ ಕುಂತೆ,
ಬಸಿಯೊಳಗ ಆರಿಸಿ, ಕಾಲು ಚಾಚಿ.
ಎರಡನೇ ಗುಟುಕಿಗೆ ಒಳಗಿಂದ ಕಾಕಾ:
‘ಹಾಸಿಗೆ ಗಂಜಿ ಎಲ್ಲಿ?’
ಎದ್ದೆ.

ಸಂಜೀಕ ನೋಡಿದ್ರ ನನ್ನ ತೂತಿಗೆ
ಅದ ಗಂಜಿ ಹಚ್ಚಿ ಕಾಗದದ ಚೂರು ಅಂಟಿಸ್ಯಾನ.
ಅರ್ಧಕ್ಕ.

‘ಪೂರ್ತಿ ಯಾಕ ಮುಚ್ಚಲಿಲ್ಲೋ?’
‘ಎರಡು ಗುಟುಕು ಕುಡದಿಯಲ್ಲ.
ತಪ್ಪು ರಟ್ಟು ಇಟ್ರ ಖಣ ಕೆಡತೈತಿ.’