ಧ್ವನಿಮುದ್ರಿಕೆ ಹನ್ನೊಂದು, ತೋಡೂರು

ಮೊದಲ ಆರು ನಿಮಿಷ ಬರೀ ಗಾಳಿ.
ಆಮೇಲೆ ಹೆದ್ದಾರಿಯ ಲಾರಿ, ಒಂದು ಬೆಕ್ಕು,
ಮೀನಿನ ಹುರುಪೆ ಹೆರೆಯುವ ಸದ್ದು.
ಆಮೇಲೆ ಬುದವಂತಿ ಹರಿಕಂತ್ರ:
‘ಕೇಳು ತಂಗಿ, ಎಂತ ಕೇಳ್ತೆ ಕೇಳು.’

ನಮೂನೆಯಲ್ಲಿ ನಾಲ್ಕನೇ ಪ್ರಶ್ನೆ:
ಒಟ್ಟು ಹೆರಿಗೆಗಳ ಸಂಖ್ಯೆ.
‘ಉಳಿದದ್ದೋ, ಮರಳಿಗೆ ಕೊಟ್ಟದ್ದೋ?’
ಗೆರೆಯ ಮೇಲೆ ಅಷ್ಟು ಜಾಗವಿರಲಿಲ್ಲ.

ಇಸವಿ ಆಕೆಗೆ ಗೊತ್ತಿಲ್ಲ.
ದೊಡ್ಡವಳು, ಬಾಂಗಡೆ ರಾಶಿಬಿದ್ದು
ತೆಂಗಿನ ಬುಡಕ್ಕೆ ಗೊಬ್ಬರವಾದ ವರ್ಷ.
ಎರಡನೆಯವ, ಕಾಳಿ ಹೊಳೆಯ ಸೇತುವೆ
ಇನ್ನೂ ಬರೀ ಕಂಬವಾಗಿದ್ದಾಗ.
ಮೂರನೆಯದು
ಮೂರನೆಯದಕ್ಕೆ ಗುರುತಿಲ್ಲ.
ಕೈಯಲ್ಲಿದ್ದ ತಾರ್ಲೆಯ ಹೊಟ್ಟೆ ಸೀಳಿ
ತತ್ತಿಯ ಗಂಟನ್ನು ಬೇರೆ ಇಡುತ್ತಾಳೆ.

ಆಪರೇಶನ್ ಆದದ್ದು ಶಾಲೆಯಲ್ಲಿ.
ಕರಿಹಲಗೆಯ ಮೇಲೆ ಏಳರ ಮಗ್ಗಿ ಅಳಿಸಿರಲಿಲ್ಲ.
ನಲವತ್ತು ಹೆಂಗಸರು, ಒಂದು ಜಮಖಾನ,
ಮಾಸ್ತರರ ಮೇಜು ಒಂದೇ.
‘ಓದೂಕೆ ಬರೂದಿಲ್ಲ ನಂಗೆ.
ಇರುವೆ ಸಾಲು ಹೋದಂಗೆ ಕಾಣ್ತಿತ್ತು. ಅದನ್ನೇ ನೋಡ್ತಿದ್ದೆ.’
ಸಂಜೆ ಐಸು ಲಾರಿಯಲ್ಲಿ ನಿಂತೇ ಮನೆಗೆ.
ಕೊಟ್ಟದ್ದು ನೀಲಿ ಬಕೆಟ್ಟು.
ಅಗೋ, ಬಿಸಿ ತಂತಿಯಲ್ಲಿ ಹೊಲಿದ ಸೀಳು,
ಮೀನು ತೊಳೆದ ನೀರು ಇನ್ನೂ ಹಿಡಿಯುತ್ತದೆ.

ಸೂಲಗಿತ್ತಿ ಅತ್ತೆ ಮಾಸು ಹುಗಿದ ತೆಂಗಿನ ಸಾಲು
ಈಗ ನೌಕಾನೆಲೆಯ ಬೇಲಿಯೊಳಗೆ.
ಮರಳಿಗೆ ಕೊಟ್ಟದ್ದೂ ಅಲ್ಲೇ.
‘ಪರಿಹಾರ ಬರೆಯೂಕೆ ಬಂದವ ಕೇಳ್ದ,
ಮರ ಎಷ್ಟು, ಬಾವಿ ಎಷ್ಟು.
ಅದನ್ನ ಕೇಳಲಿಲ್ಲ. ನಾನೂ ಹೇಳಲಿಲ್ಲ.’

ಮೂವತ್ತೊಂದನೇ ನಿಮಿಷ: ‘ಬಂದ್ ಮಾಡು ಅದನ್ನ.’
ಮಾಡಿದೆ.

ಮತ್ತೆ ಶುರುವಾದಾಗ ಬೆಕ್ಕು ಇಲ್ಲ.
ಎಣ್ಣೆ ಚುರುಗುಟ್ಟುತ್ತಿದೆ,
ನಾನು ಮೂಗೇರಿಸುವ ಸದ್ದೂ ಇದೆ.
ಮಾರ್ಗದರ್ಶಕರು ಅಂಚಿನಲ್ಲಿ ಬರೆದಿದ್ದಾರೆ:
ಇಲ್ಲಿ ಮಾಹಿತಿ ಸಾಲದು.
ಹೌದು ಸರ್, ಸಾಲದು.

ಹೊರಡುವ ಮುಂಚೆ ಅವಳ ದನಿ ಅವಳಿಗೇ ಕೇಳಿಸಿದೆ.
ಕತ್ತು ಓರೆ ಮಾಡಿ, ಸಾರಿನ ಸೌಟು ಹಿಡಿದೇ ಕೇಳಿದಳು.
‘ಇದು ನಾನಲ್ಲ. ನಮ್ಮವ್ವಿ ಮಾತಾಡ್ತಿದ್ದಾಳೆ’ ಅಂದಳು.
ಇನ್ನೊಮ್ಮೆ ಹಾಕು ಅಂದಳು.

ಒಪ್ಪಿಗೆ ಪತ್ರದ ಕೊನೆಯ ಸಾಲು ಓದಿದೆ:
ತಮ್ಮ ಹೆಸರು ಬದಲಾಯಿಸಬೇಕೇ?
ಹೆಬ್ಬೆಟ್ಟಿಗೆ ಶಾಯಿ ಒತ್ತಿಕೊಳ್ಳುತ್ತ ನಕ್ಕಳು.
‘ಊರಿನ ಹೆಸರೇ ಹೋಯ್ತು.
ನಂದಾದ್ರೂ ಇರ್ಲಿ ಬಿಡು.’

ಒತ್ತಿದ ಗುರುತಿನಲ್ಲಿ ಎರಡು ಹುರುಪೆ
ಹಾಗೇ ಅಂಟಿ ಒಣಗಿವೆ.
ಕಪಾಟು ತೆರೆದು ಹನ್ನೊಂದನೇ ಕಡತ ಎಳೆದರೆ,
ಅಕ್ಷರಕ್ಕಿಂತ ಮೊದಲು
ವಾಸನೆ.